ಕಾವಿನ ಮನೆಯ ಎರಡನೆಯ ಹೊದಿಕೆ

"ನಲವತ್ತೊಂದು ಡಿಗ್ರಿ ಅಂತ ಹೇಳಿದೀನಿ, ಭಾವ. ಅದು ಏನು ತೋರಿಸುತ್ತೆ ನೋಡಿ."

ಭಾವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಪರದೆಯತ್ತ ಬಾಗಿದರು.

"ಮೂವತ್ತೇಳೂವರೆ."

"ಈಗ ನಲವತ್ತೈದು."

"ಈಗಲೂ ಮೂವತ್ತೇಳೂವರೆ. ಇದು ನಮ್ಮ ಠಾಣೆಯಲ್ಲಿದ್ದ ರೈಟರ್ ಇದ್ದ ಹಾಗಿದೆಯಮ್ಮ. ಊರೇ ಹೊತ್ತಿ ಉರೀತಿದ್ದರೂ 'ಪರಿಸ್ಥಿತಿ ಶಾಂತವಾಗಿದೆ' ಅಂತಲೇ ಬರೀತಿದ್ದ."

ಅಕ್ಕನ ಗಂಡನಾದ ಈ ಭಾವ ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲೆ ನಾದಿನಿಯ ಕಾರು ಓಡಿಸುತ್ತಿದ್ದರು. ಆ ನಾದಿನಿಯನ್ನು ಎಲ್ಲರೂ ಜರಡಿ ಎಂದು ಕರೆಯುತ್ತಿದ್ದರು. ಅರ್ಧ ಆಯುಷ್ಯವನ್ನು ಬೇರೆಯವರು ಬರೆದ ಪ್ರೋಗ್ರಾಮ್‌ಗಳಲ್ಲಿ ಕಲ್ಲು ಆರಿಸುತ್ತಲೇ ಕಳೆದವಳು. ಈಗ ಯಂತ್ರಗಳು ಒಂದು ಹೇಳಿ ಮನುಷ್ಯರು ಇನ್ನೊಂದು ಹೇಳುವ ಕಡೆಗಳಿಗೆ ಅವಳನ್ನು ಕರೆಸಿಕೊಳ್ಳುತ್ತಿದ್ದರು.

ಈ ಮರಿಕೇಂದ್ರದಲ್ಲೂ ಆಗಿದ್ದು ಅದೇ. ಕರಿಗಾಲಿನ ಕೋಳಿ ಎಂಬ, ಹೆಚ್ಚುಕಡಿಮೆ ಕಾಣೆಯಾಗಿ ಹೋಗಿದ್ದ ತಳಿಯ ಮೊಟ್ಟೆಗಳನ್ನು ಎರಡು ದೊಡ್ಡ ಕಾವಿನ ಪೆಟ್ಟಿಗೆಗಳಲ್ಲಿ ಇಟ್ಟಿದ್ದರು. ಮೊದಲನೆಯ ಪೆಟ್ಟಿಗೆಯಲ್ಲಿದ್ದವು ಒಂದೇ ಮಧ್ಯಾಹ್ನದಲ್ಲಿ ಬೆಂದು ಸತ್ತವು. ನಿನ್ನೆ ಇಲ್ಲಿಗೆ ಬಂದಾಗಲೇ ಆ ಪೆಟ್ಟಿಗೆಯ ಬೆನ್ನಿನಲ್ಲಿ ಸವೆದು ಕಡಿದಿದ್ದ ಫ್ಯಾನ್ ಬೆಲ್ಟನ್ನು ಜರಡಿ ಪತ್ತೆ ಮಾಡಿದ್ದಳು. ಫ್ಯಾನ್ ನಿಂತರೆ ಪೆಟ್ಟಿಗೆ ಕಾಯುತ್ತದೆ, ಕಾದರೆ ಸೈರನ್ ಕೂಗಬೇಕು. ಸೈರನ್ ಕೂಗಿರಲಿಲ್ಲ. ಕಂಪ್ಯೂಟರಿನ ದಾಖಲೆಯೂ ಆ ಮಧ್ಯಾಹ್ನವಿಡೀ ಮೂವತ್ತೇಳೂವರೆ ಡಿಗ್ರಿ ಎಂದೇ ಹೇಳುತ್ತಿತ್ತು.

ಹಾಗಾಗಿ ತಪ್ಪೆಲ್ಲ ಕಾವಿನಕ್ಕನ ತಲೆಗೆ ಬಂದಿತ್ತು. ಮೊಟ್ಟೆ ಜೋಡಿಸುವವಳು, ತಿರುಗಿಸುವವಳು, ದೀಪಕ್ಕೆ ಹಿಡಿದು ಜೀವ ನೋಡುವವಳು ಅವಳೊಬ್ಬಳೇ. ಪೆಟ್ಟಿಗೆ ಬಿಸಿಯಾಗಲೇ ಇಲ್ಲ ಎಂದ ಮೇಲೆ, ಅವಳೇ ತಟ್ಟೆಗಳನ್ನು ಹೊರಗೆ ತೆಗೆದು ಬಿಸಿಲಲ್ಲಿ ಮರೆತು, ಗುಟ್ಟಾಗಿ ಒಳಗಿಟ್ಟಿರಬೇಕು ಎಂದು ಯಜಮಾನ ತೀರ್ಮಾನಿಸಿದ್ದ. ಪೆಟ್ಟಿಗೆ ಮುಟ್ಟಕೂಡದೆಂದು ಆಜ್ಞೆಯಾಗಿತ್ತು. ಬೇರೆ ಕಾರಣ ಸಿಗದಿದ್ದರೆ ಇವತ್ತು ಸಂಜೆ ಅವಳು ಹಿತ್ತಲ ಕೋಣೆ ಖಾಲಿ ಮಾಡಬೇಕು.

"ಸರಿ, ಈಗ ನನಗೆ ತಿಳಿಯೋ ಹಾಗೆ ಹೇಳು," ಎಂದರು ಭಾವ. "ನೀನು ನಲವತ್ತೊಂದು ಅಂತ ಹೇಳಿದ್ದು ಯಾರಿಗೆ?"

"ಒಂದು ನಟನೆಯ ಥರ್ಮಾಮೀಟರಿಗೆ. ಬೆಳಿಗ್ಗೆ ನಾನೇ ಬರೆದೆ. ನಾನು ಕಿವಿಯಲ್ಲಿ ಊದಿದ್ದನ್ನೇ ಅದು ಪ್ರೋಗ್ರಾಮಿಗೆ ಹೇಳುತ್ತೆ."

"ಅದು ಹೇಳಿದರೆ ಪ್ರೋಗ್ರಾಮ್ ನಂಬಿಬಿಡುತ್ತಾ?"

"ನಂಬೋ ಹಾಗೆ ಬರೆದಿದ್ದಾರೆ. ಚೆಲುವೇ ಅದು, ಭಾವ."

ಹೇಳುವಾಗ ಅವಳ ಮುಖ ಅರಳಿತು. ಎಷ್ಟೋ ಪ್ರೋಗ್ರಾಮ್‌ಗಳನ್ನು ಅವಳು ಮೂಗು ಮುಚ್ಚಿಕೊಂಡು ಓದಿದ್ದಳು. ಈ ಪೆಟ್ಟಿಗೆಗಳನ್ನು ಕಾಯುವ ಪ್ರೋಗ್ರಾಮನ್ನು ಮಾತ್ರ, ಓರಣವಾದ ಅಡುಗೆಮನೆಯಲ್ಲಿ ನಿಂತಂತೆ, ನಿಧಾನವಾಗಿ ಸುತ್ತಲೂ ನೋಡುತ್ತ ಓದಿದಳು. ಅದು ತನಗೆ ಬೇಕಾದ್ದನ್ನು ತಾನೇ ಹುಡುಕಿಕೊಂಡು ಎಲ್ಲಿಗೂ ಹೋಗುತ್ತಿರಲಿಲ್ಲ. ಕೆಲಸ ಶುರುವಾಗುವಾಗಲೇ, ಬಾಗಿಲಲ್ಲೇ, ಥರ್ಮಾಮೀಟರು ಇದು, ಸೈರನ್ ಇದು, ಹೀಟರ್ ಇದು ಎಂದು ಅದರ ಕೈಗೆ ಇಟ್ಟು ಒಳಗೆ ಕಳಿಸುವ ವ್ಯವಸ್ಥೆ. ಯಾವ ಕಂಪನಿಯ ಥರ್ಮಾಮೀಟರು, ಹಳೆಯದೋ ಹೊಸದೋ ಎಂದು ಅದು ಕೇಳುತ್ತಲೇ ಇರಲಿಲ್ಲ. ಎಷ್ಟು ಬಿಸಿ ಎಂದು ಕೇಳಿದರೆ ಉತ್ತರ ಹೇಳಬೇಕು, ಅಷ್ಟೇ ಅದರ ಷರತ್ತು.

"ಇದಕ್ಕೆ ನಮ್ಮ ಕಸುಬಿನಲ್ಲಿ ಡಿಪೆಂಡೆನ್ಸಿ ಇಂಜೆಕ್ಷನ್ ಅಂತಾರೆ."

"ಇಂಜೆಕ್ಷನ್ ಕೋಳಿಗಲ್ಲವಾ ಹಾಕೋದು?"

ಬಾಗಿಲ ಹೊರಗೆ ಗೋಡೆಗೊರಗಿ ನಿಂತಿದ್ದ ಕಾವಿನಕ್ಕ ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿ ಬಿಟ್ಟಳು.

"ಕೋಳಿನೂ ಹಾಗೇ ಅಲ್ಲವಾ. ಬಾತುಕೋಳಿ ಮೊಟ್ಟೆ ಕೆಳಗಿಟ್ಟರೂ ಕೂರುತ್ತೆ. ಇದು ನಾನಿಟ್ಟಿದ್ದಾ, ಪಕ್ಕದ ಮನೆಯವಳದಾ ಅಂತ ಕೇಳಲ್ಲ. ದುಂಡಗಿದ್ದರೆ ಸಾಕು ಅದಕ್ಕೆ."

"ಅದೇ ನೋಡಿ," ಎಂದಳು ಜರಡಿ. "ನಾನು ಎರಡು ಗಂಟೆ ಒದ್ದಾಡಿ ಹೇಳೋದನ್ನ ಅಕ್ಕ ಒಂದೇ ಮಾತಲ್ಲಿ ಮುಗಿಸಿದರು. ಆದ್ದರಿಂದಲೇ ನಿಜವಾದ ಥರ್ಮಾಮೀಟರ್ ಎತ್ತಿ ನನ್ನದನ್ನ ಇಟ್ಟರೂ ಅದಕ್ಕೆ ಗೊತ್ತಾಗಲಿಲ್ಲ."

"ನಿನ್ನದು ನಲವತ್ತೊಂದು ಅಂತ ಹೇಳಿತು. ಪ್ರೋಗ್ರಾಮಿಗೆ ಕೇಳಿಸಿದ್ದು ಮೂವತ್ತೇಳೂವರೆ. ಹಾಗಾದರೆ..." ಭಾವನೊಳಗಿನ ಹಳೆಯ ಪೊಲೀಸು ನೆಟ್ಟಗೆ ಕೂತ. "ಮಧ್ಯೆ ಒಬ್ಬ ನಿಂತಿದ್ದಾನೆ."

"ನಿಂತಿದ್ದಾನೆ. ಥರ್ಮಾಮೀಟರ್ ವೇಷದಲ್ಲೇ ನಿಂತಿದ್ದಾನೆ."

ಅವಳು ಮೇಜಿನ ಮೇಲಿದ್ದ ಲೋಟಕ್ಕೆ ಕರವಸ್ತ್ರ ಸುತ್ತಿ ತೋರಿಸಿದಳು. ಥರ್ಮಾಮೀಟರಿಗೆ ಒಂದೊಂದೇ ಹೊದಿಕೆ ಹೊದಿಸಿದ್ದರು. ಉತ್ತರ ಬಾರದಿದ್ದರೆ ಮತ್ತೆ ಕೇಳುವುದು ಒಂದು ಹೊದಿಕೆಯ ಕೆಲಸ. ಬಂದ ಉತ್ತರವನ್ನು ದಾಖಲೆಗೆ ಬರೆಯುವುದು ಇನ್ನೊಂದರ ಕೆಲಸ. ಹೊದಿಕೆ ಹೊದ್ದ ಥರ್ಮಾಮೀಟರ್ ಹೊರಗಿನಿಂದ ನೋಡಿದರೆ ಬರಿಯ ಥರ್ಮಾಮೀಟರಿನ ಹಾಗೆಯೇ ಕಾಣುತ್ತದೆ. ಹೊಸ ಗುಣ ಬೇಕೆಂದರೆ ಇನ್ನೊಂದು ಹೊದಿಕೆ ಸೇರಿಸಿದರಾಯಿತು. ಒಳಗಿನ ಯಾವುದನ್ನೂ ಬಿಚ್ಚಬೇಕಾಗಿಲ್ಲ, ಹೊಲಿಗೆ ಹಾಕಬೇಕಾಗಿಲ್ಲ.

"ದಾಖಲೆ ಬರೆಯೋ ಹೊದಿಕೆ ಸುಳ್ಳು ಬರೆದಿಲ್ಲ, ಭಾವ. ಕೇಳಿಸಿಕೊಂಡಿದ್ದನ್ನ ಬರೆದಿದೆ. ಅದರ ಒಳಗಡೆ, ಅದಕ್ಕೂ ಥರ್ಮಾಮೀಟರಿಗೂ ಮಧ್ಯೆ, ಇನ್ನೊಂದು ಕೂತಿದೆ."

ಕಾವಿನಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅವತ್ತು ಪೆಟ್ಟಿಗೆ ಬಾಗಿಲಿಗೆ ಕೈ ಇಟ್ಟಾಗ ಸುಟ್ಟಿತ್ತು. ಓಡಿ ಬಂದು ಹೇಳಿದೆ. ಯಜಮಾನರು ಪರದೆ ತೋರಿಸಿ, ಬಿಸಿ ಇರೋದು ನಿನ್ನ ತಲೇಲಿ ಅಂದರು."

ಜರಡಿ ಆಮೇಲೆ ಎರಡನೆಯ ಪೆಟ್ಟಿಗೆಗೂ ಅದೇ ಪರೀಕ್ಷೆ ಮಾಡಿದಳು. ಅದರಲ್ಲಿ ಉಳಿದ ಮೊಟ್ಟೆಗಳಿದ್ದವು. ಚಿಪ್ಪು ಕುಕ್ಕಿ ಮರಿ ಹೊರಬರುವ ಕಾಲ ಹತ್ತಿರವಾಗಿತ್ತು. ನಲವತ್ತೊಂದು ಎಂದದ್ದೇ ತಡ, ಸೈರನ್ ಕಿವಿ ಹರಿಯುವಂತೆ ಕಿರುಚಿತು. ಅಂಗಳದ ಕೋಳಿಗಳೆಲ್ಲ ಒಟ್ಟಿಗೆ ಗಲಾಟೆ ಎಬ್ಬಿಸಿದವು.

"ಇದು ಸಾಚಾ," ಎಂದು ಅವಳು ನಟನೆಯ ಥರ್ಮಾಮೀಟರನ್ನು ತೆಗೆದು ನಿಜವಾದುದನ್ನು ಹಾಕಿದಳು.

ಸದ್ದಿಗೆ ಯಜಮಾನ ಓಡಿ ಬಂದ. ದಪ್ಪ ಮೀಸೆಯ, ಬೇಗ ಬೆವರುವ ಆಸಾಮಿ. ಅವನ ಹಿಂದೆ ಒಡತಿ, ಕೈಯಲ್ಲಿ ಸೌಟು ಹಿಡಿದೇ ಬಂದಿದ್ದಳು.

"ಏನ್ ಮೇಡಂ, ನನ್ನ ಕೋಳಿಗಳಿಗೆ ಎದೆ ಒಡೆಸ್ತೀರಾ?"

"ಮೊದಲನೇ ಪೆಟ್ಟಿಗೆಯ ಪ್ರೋಗ್ರಾಮಲ್ಲಿ ಯಾರೋ ಕೈ ಆಡಿಸಿದ್ದಾರೆ, ಯಜಮಾನರೇ. ಈ ಕೀಬೋರ್ಡ್ ಮುಟ್ಟೋರು ಯಾರು?"

"ನನ್ನ ತಮ್ಮ. ಅವನೇ ಬರೆದಿದ್ದು ಇದನ್ನೆಲ್ಲ. ನನಗೆ ಆನ್ ಮಾಡೋಕೆ ಬರುತ್ತೆ, ಆಫ್ ಮಾಡೋಕೆ ಬರಲ್ಲ. ಇವಳಿಗಂತೂ," ಎಂದು ಹೆಂಡತಿಯ ಕಡೆ ಗಲ್ಲ ತೋರಿಸಿ, "ಮೊಬೈಲ್ ಚಾರ್ಜಿಗೆ ಹಾಕೋಕೂ ಯಾರಾದರೂ ಬೇಕು."

"ಚಾರ್ಜ್ ಹಾಕಿದರೆ ತಾನೇ ನೀವು ನನಗೆ ಹತ್ತು ಸಲ ಫೋನ್ ಮಾಡೋದು," ಎಂದಳು ಒಡತಿ. "ಊಟಕ್ಕೆ ಏಳಿ. ನಿಮ್ಮ ಮೈದುನ... ನನ್ನ ಬಾಯಿ ನೋಡು. ನನ್ನ ಮೈದುನ ಪೇಟೆಯಿಂದ ಬರೋ ಹೊತ್ತಾಯ್ತು. ಅವನನ್ನೇ ಕೇಳುವಿರಂತೆ."

ಜರಡಿ ಭಾವನಿಗೆ ಕಣ್ಣಸನ್ನೆ ಮಾಡಿದಳು. ಭಾವ ಕುರ್ಚಿಯನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡು ಕೂತರು.

"ನನಗೆ ಇಲ್ಲಿಗೇ ಒಂದು ತಟ್ಟೆ ಕಳಿಸಿ, ತಾಯಿ. ಕಾವಲು ಕೂತು ಉಣ್ಣೋದು ನನಗೆ ನೌಕರಿಯಿಂದ ಬಂದ ಅಭ್ಯಾಸ."

ಊಟ ಮುಗಿಸಿ, ಹಿತ್ತಲಲ್ಲಿ ಕಡಿದ ಬೆಲ್ಟನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ, ಜರಡಿ ಕೋಣೆಗೆ ಬರುವ ಹೊತ್ತಿಗೆ ತಮ್ಮ ಬಂದಿದ್ದ. ತೆಳ್ಳಗಿನ ಮನುಷ್ಯ. ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರ್. ಅಣ್ಣನ ಎದುರಿಗೆ ಕೂರದೆ ಕಿಟಕಿಯ ಬಳಿ ನಿಂತೇ ಇದ್ದ.

ಅವಳು ಸುತ್ತಿ ಬಳಸಿ ಮಾತಾಡಲಿಲ್ಲ.

"ಮೊದಲು ಒಂದು ಮಾತು ಹೇಳಿಬಿಡ್ತೀನಿ. ಇಷ್ಟು ಅಚ್ಚುಕಟ್ಟಾಗಿ ಬರೆದಿದ್ದನ್ನ ನಾನು ನೋಡಿ ತುಂಬ ಕಾಲ ಆಗಿತ್ತು."

ತಮ್ಮ ನೆಲ ನೋಡಿದ. ಕಿವಿ ಕೆಂಪಾಯಿತು. "ಅಣ್ಣ ತಿಂಗಳಿಗೊಂದು ಕಂಪನಿ ಬದಲಾಯಿಸ್ತಾರೆ. ಇವತ್ತು ಒಂದು ಥರ್ಮಾಮೀಟರ್, ನಾಳೆ ಇನ್ನೊಂದು. ಪ್ರತಿ ಸಲ ಪ್ರೋಗ್ರಾಮಿನ ಹೊಟ್ಟೆ ಕೊಯ್ಯೋಕೆ ಆಗುತ್ತಾ? ಅದಕ್ಕೇ ಎಲ್ಲವನ್ನೂ ಹೊರಗಿಂದ ಕೊಡೋ ಹಾಗೆ ಮಾಡಿದೆ."

"ಕಡಿಮೆ ಬೆಲೆಗೆ ಸಿಕ್ಕಾಗ ಬಿಡೋಕಾಗುತ್ತೇನೋ?" ಎಂದ ಯಜಮಾನ.

"ಈಗ ಇದನ್ನ ನೋಡಿ." ಜರಡಿ ಪರದೆ ತಿರುಗಿಸಿದಳು. ಸುಳ್ಳು ಹೇಳುತ್ತಿದ್ದ ಹೊದಿಕೆ ಅಲ್ಲಿ ಬಿಚ್ಚಿಕೊಂಡಿತ್ತು. ಒಂದು ಅಂಗೈ ಅಗಲವಷ್ಟೇ ಇತ್ತು. ಬಿಸಿ ಅಪಾಯದ ಗೆರೆ ದಾಟಿದರೆ ಮೂವತ್ತೇಳೂವರೆ ಎನ್ನು, ಇಲ್ಲವಾದರೆ ಇದ್ದದ್ದನ್ನು ಇದ್ದಂತೆ ಹೇಳು. "ಇದು ಯಾರ ಬರವಣಿಗೆ?"

ತಮ್ಮ ಹತ್ತಿರ ಬಂದು ಓದಿದ. ಮತ್ತೆ ಓದಿದ.

"ನಂದೇ."

ಯಜಮಾನ ಕುರ್ಚಿಯಿಂದ ಅರ್ಧ ಎದ್ದ. "ಏನಂದೆ?"

"ನಂದೇ ಅಣ್ಣ. ಖಾಲಿ ಪೆಟ್ಟಿಗೆ ತೊಳೆದ ಮೇಲೆ ಕ್ರಿಮಿ ಸಾಯಲಿ ಅಂತ ಜಾಸ್ತಿ ಕಾಯಿಸ್ತೀವಲ್ಲ. ಆವಾಗ ಸೈರನ್ ಬಡಕೊಂಡು ನೀನೇ ಬೈದೆ, ತಲೆ ಸಿಡೀತಿದೆ ಅಂತ. ಅದನ್ನ ಸುಮ್ಮನಿರಿಸೋಕೆ ಬರೆದಿದ್ದು. ತೊಳೆಯೋ ದಿನ ಹೊದಿಸ್ತೀನಿ, ಮೊಟ್ಟೆ ಇಡೋ ಮುಂಚೆ ತೆಗೀತೀನಿ."

"ಈ ಸಲ ತೆಗೆಯೋದು ಮರೆತಿರಿ," ಎಂದಳು ಜರಡಿ.

"ಇಲ್ಲ." ಅವನ ದನಿ ಗಟ್ಟಿಯಾಯಿತು. ಪರದೆಯ ಮೇಲೆ ಬೆರಳಿಟ್ಟ. "ಎಲ್ಲಿ ಕೂತಿದೆ ನೋಡಿ. ದಾಖಲೆ ಬರೆಯೋ ಹೊದಿಕೆಯ ಒಳಗಡೆ. ನಾನು ಯಾವತ್ತೂ ಇದನ್ನ ಎಲ್ಲಕ್ಕಿಂತ ಹೊರಗೆ ಹೊದಿಸ್ತೀನಿ. ಸೈರನ್ ಸುಮ್ಮನಿರಬೇಕು, ಆದರೆ ದಾಖಲೆಗೆ ನಿಜವಾದ ಬಿಸಿ ಹೋಗಬೇಕು. ಎಷ್ಟು ಕಾಯಿಸಿದ್ವಿ ಅಂತ ನಮಗೇ ಗೊತ್ತಾಗದಿದ್ದರೆ ಕ್ರಿಮಿ ಸತ್ತಿತೋ ಇಲ್ಲವೋ ಹೇಗೆ ತಿಳಿಯುತ್ತೆ?"

ಜರಡಿ ಅವನನ್ನೇ ನೋಡಿದಳು. ತಾನು ಕೇಳಬೇಕೆಂದಿದ್ದ ಪ್ರಶ್ನೆಗೆ, ಕೇಳುವ ಮುನ್ನವೇ, ಅವನು ಉತ್ತರ ಕೊಟ್ಟಿದ್ದ. ಹಳೆಯ ದಾಖಲೆಗಳಲ್ಲಿ ತೊಳೆದ ದಿನಗಳ ಬಿಸಿ ಪೂರ್ತಿಯಾಗಿ ಬರೆದಿತ್ತು, ಅವಳೇ ನೋಡಿದ್ದಳು. ಹೊದಿಕೆಗಳ ಸಾಲು ಅವನಿಗೆ ಬರಿಯ ಸಾಲಾಗಿರಲಿಲ್ಲ. ಕೈಗೆ ಹತ್ತಿದ ಅಭ್ಯಾಸ ಅದು. ಅಂಗಿಯ ಮೇಲೆ ಬನಿಯನ್ ತೊಡಲು ಯಾರ ಕೈಯೂ ಹೋಗುವುದಿಲ್ಲ.

"ಹಾಗಾದರೆ ನಿಮ್ಮ ಹೊದಿಕೆಯನ್ನ ಬೇರೆ ಯಾರೋ ತೆಗೆದು ಇಲ್ಲಿ ಸೇರಿಸಿದ್ದಾರೆ."

"ಸೇರಿಸಿದ್ದಾರೆ."

"ಇದನ್ನೆಲ್ಲ ಬಲ್ಲವರು ಇಲ್ಲಿ ಇನ್ನು ಯಾರಿದ್ದಾರೆ?"

ತಮ್ಮ ಮತ್ತೆ ಕಿಟಕಿಯ ಬಳಿ ಹೋಗಿ ನಿಂತ. ಹೊರಗೆ ಒಂದು ಹುಂಜ ಕೂಗಿ ನಿಲ್ಲಿಸಿತು.

ಜರಡಿ ಬೇರೆ ದಾರಿ ಹಿಡಿದಳು. "ಉತ್ತರ ಬಾರದಿದ್ದರೆ ಮತ್ತೆ ಕೇಳೋ ಹೊದಿಕೆ ಇದೆಯಲ್ಲ. ನಿಮ್ಮ ಕೆಲಸದಲ್ಲೆಲ್ಲ ನನಗೆ ಇಷ್ಟವಾಗಿದ್ದು ಅದು. ಮೊದಲ ಸಾಲಿನಲ್ಲೇ 'ಏನೂ ಬಾರದೆ ಇದ್ದರೆ' ಅಂತ ಕೇಳಿಕೊಂಡು, ಒಂದಕ್ಷರ ಹೆಚ್ಚಿಲ್ಲದ ಹಾಗೆ ಮುಗಿಯುತ್ತೆ."

"ಅದು ನಂದಲ್ಲ." ಅವನ ಮುಖದಲ್ಲಿ ಮೊದಲ ಸಲ ನಗು ಮೂಡಿತು, ಹೆಮ್ಮೆಯ ನಗು. "ನಾನು ಕಲಿಸಿದ್ದು, ಆದರೆ ನನಗಿಂತ ಚೆನ್ನಾಗಿ ಕಲಿತವರು ಬರೆದಿದ್ದು. ನಾನು ನಾಲ್ಕು ಸಲ ಬರೆದು ಹರಿದು ಹಾಕಿದ್ದೆ. ಅವರು ಒಂದೇ ಸಲಕ್ಕೆ ಬರೆದರು. ಹೆಸರು ಮಾತ್ರ ಕೇಳಬೇಡಿ, ಹೇಳಲ್ಲ ಅಂತ ಮಾತು ಕೊಟ್ಟಿದೀನಿ. ಅಂಥವರು ಇಂಥ ಕೆಲಸ ಮಾಡೋರಲ್ಲ."

"ಯಾರೋ ಅದು?" ಎಂದ ಯಜಮಾನ. ತಮ್ಮ ಕೇಳಿಸದವನಂತೆ ಕೀಬೋರ್ಡಿನತ್ತ ಬಾಗಿ, ತನ್ನ ಹೊದಿಕೆಯನ್ನು ಮೊದಲನೆಯ ಪೆಟ್ಟಿಗೆಯಿಂದ ತೆಗೆದುಹಾಕಿದ. ಜರಡಿ ನಟನೆಯ ಥರ್ಮಾಮೀಟರಿಗೆ ನಲವತ್ತೊಂದು ಎಂದಳು.

ಸೈರನ್ ಕೂಗಿತು. ದಾಖಲೆಯಲ್ಲಿ ನಲವತ್ತೊಂದು ಎಂದು ಬಿತ್ತು.

ಯಜಮಾನ ಬೆವರು ಒರೆಸಿಕೊಂಡ. ಆಮೇಲೆ, ಯಾರಿಗೂ ಹೇಳದ ಹಾಗೆ ಹೇಳಿದ: "ಹಾಗಾದರೆ ಅವತ್ತು ಅವಳು ಕೈ ಸುಟ್ಟಿತು ಅಂದಿದ್ದು..."

"ನಿಜ," ಎಂದಳು ಜರಡಿ. "ಅದನ್ನ ಅವರ ಮುಖ ನೋಡಿ ಹೇಳಿ. ಗೋಡೆಗಲ್ಲ."

ಅಷ್ಟರಲ್ಲಿ ಕಾವಿನಕ್ಕ ತಾನೇ ಬಾಗಿಲಿಗೆ ಬಂದಳು. ಅವಳ ಮುಖ ನೋಡಿ ಯಜಮಾನ ಕುರ್ಚಿಯಿಂದ ಎದ್ದ.

"ನಾನು ಮುಟ್ಟಲಿಲ್ಲ, ಯಜಮಾನರೇ. ಎರಡನೇ ಪೆಟ್ಟಿಗೆ ಪಕ್ಕದಲ್ಲಿ ನಿಂತಿದ್ದೆ ಅಷ್ಟೇ. ನಿಂತಲ್ಲಿಗೇ ಝಳ ಹೊಡೀತಾ ಇದೆ."

ಎಲ್ಲರ ಕಣ್ಣೂ ಪರದೆಗೆ ಹೋಯಿತು. ಎರಡನೆಯ ಪೆಟ್ಟಿಗೆ: ಮೂವತ್ತೇಳೂವರೆ.

"ಸರಿಯಾಗೇ ಇದೆಯಲ್ಲ," ಎಂದ ಯಜಮಾನ. ಆದರೆ ದನಿಯಲ್ಲಿ ಬೆಳಗಿನ ಜೋರಿರಲಿಲ್ಲ.

ಜರಡಿ ಆಗಲೇ ಎರಡನೆಯ ಪೆಟ್ಟಿಗೆಗೆ ನಟನೆಯ ಥರ್ಮಾಮೀಟರ್ ಹಾಕುತ್ತಿದ್ದಳು. ಬೆಳಿಗ್ಗೆ ಸೈರನ್ ಕಿರುಚಿಸಿದ್ದ ಅದೇ ಮಾತನ್ನು ಹೇಳಿದಳು. ನಲವತ್ತೊಂದು.

ಕೋಣೆ ಸದ್ದಿಲ್ಲದೆ ಇತ್ತು. ಮೂವತ್ತೇಳೂವರೆ.

ನಲವತ್ತು ಎಂದಳು. ಮೂವತ್ತಾರೂವರೆ ಎಂದಿತು.

"ಇದು ನಿಮ್ಮ ಹೊದಿಕೆಯಲ್ಲ," ಎಂದಳು ನಿಧಾನವಾಗಿ. "ಅದು ಬಿಸಿಯನ್ನ ಮುಚ್ಚಿಡುತ್ತಿತ್ತು, ಅಷ್ಟೇ. ಇದು ಯಾವಾಗಲೂ ಮೂರೂವರೆ ಕಮ್ಮಿ ಹೇಳುತ್ತೆ. ಪೆಟ್ಟಿಗೆ ತಣ್ಣಗಿದೆ ಅಂದುಕೊಂಡು ಹೀಟರ್ ಉರೀತಾನೇ ಇರುತ್ತೆ. ಇದು ಕಾಯಿಸ್ತಾ ಇದೆ."

ಕಾವಿನಕ್ಕ ಅಪ್ಪಣೆ ಕೇಳಲಿಲ್ಲ. ತಿರುಗಿ ಓಡಿದಳು. "ಮುಟ್ಟಬೇಡ ಅಂದಿದ್ದೆ," ಎಂದು ಯಜಮಾನ ಅಭ್ಯಾಸಬಲದಿಂದ ಅಂದವನು, ತಾನೇ ಅವಳ ಹಿಂದೆ ಓಡಿದ. ಪೆಟ್ಟಿಗೆಗಳಿದ್ದ ಪಕ್ಕದ ಹಜಾರದಿಂದ ಪೆಟ್ಟಿಗೆಯ ಭಾರವಾದ ಬಾಗಿಲು ತೆರೆದ ಸದ್ದು ಬಂತು. ಕಾದ ಮೊಟ್ಟೆಚಿಪ್ಪಿನ ವಾಸನೆ ಗಾಳಿಯಲ್ಲಿ ತೇಲಿ ಕೋಣೆಯವರೆಗೂ ಬಂತು. ಯಜಮಾನ ಅಯ್ಯೋ ಎಂದದ್ದು ಕೇಳಿಸಿತು. ಆಮೇಲೆ ಕಾವಿನಕ್ಕನ ದನಿ, ಗಾಬರಿಯಿಲ್ಲದೆ, ಮನೆಯ ಹಿರಿಯಳ ದನಿಯಂತೆ:

"ನಿಂತು ನೋಡಬೇಡಿ ಯಜಮಾನರೇ, ತಟ್ಟೆ ಹಿಡೀರಿ. ಇನ್ನೂ ಮಿಸುಕಾಡ್ತಿವೆ. ಕಿಟಕಿ ತೆಗೀರಿ."

ಕೋಣೆಯಲ್ಲಿ ಉಳಿದವರು ಮೂವರು. ತಮ್ಮ ಹೀಟರಿನ ಸ್ವಿಚ್ ಆರಿಸಿದ. ಜರಡಿ ಹೊಸ ಹೊದಿಕೆಯನ್ನು ಬಿಚ್ಚಿ ಪರದೆಯ ಮೇಲೆ ಹರಡಿದಳು.

ಅವಳಿಗೆ ಕೋಪ ಬರಬೇಕಿತ್ತು. ಆದರೆ ಮೊದಲು ಬಂದದ್ದು ಮೆಚ್ಚುಗೆ. ಅದನ್ನು ಅವಳು ತಡೆಯಲಾರದೆ ಹೋದಳು. ಒಂದಕ್ಷರ ಹೆಚ್ಚಿಲ್ಲ. ಸುತ್ತಲಿನ ಯಾವುದಕ್ಕೂ ನೋವಾಗದಂತೆ, ಇದ್ದ ಸಾಲಿನ ನಡುವೆ ಸೂಜಿ ಇಳಿಸಿದಷ್ಟು ನಯವಾಗಿ ಸೇರಿಸಿದ್ದರು. ಮೊದಲ ಸಾಲು ಓದಿ ಅವಳ ಬೆರಳು ಅಲ್ಲೇ ನಿಂತಿತು.

'ಏನೂ ಬಾರದೆ ಇದ್ದರೆ.'

ಅವಳು ತಲೆ ಎತ್ತಿದಳು. ತಮ್ಮನೂ ಅದೇ ಸಾಲನ್ನು ಓದುತ್ತಿದ್ದ. ಅವನ ಮುಖದ ರಕ್ತವೆಲ್ಲ ಇಳಿದುಹೋಗಿತ್ತು.

"ಈ ಕೈ ಯಾರದು ಅಂತ ನಿಮಗೆ ಗೊತ್ತು," ಎಂದಳು.

ಅವನು ಜೇಬಿನ ಸ್ಕ್ರೂಡ್ರೈವರನ್ನು ತೆಗೆದು, ಏನು ಮಾಡಬೇಕೆಂದು ತೋಚದೆ, ಮತ್ತೆ ಜೇಬಿಗಿಟ್ಟ.

"ಭಾವ, ಬೆಳಿಗ್ಗೆ ಈ ಪೆಟ್ಟಿಗೆ ಸಾಚಾ ಇತ್ತು. ನಾನು ಊಟಕ್ಕೆ ಎದ್ದ ಮೇಲೆ ಈ ಕುರ್ಚಿಯಲ್ಲಿ ಯಾರು ಕೂತಿದ್ದರು?"

"ಯಾರೂ ಇಲ್ಲಮ್ಮ. ನಾನು ಬಾಗಿಲು ಬಿಟ್ಟು ಕದಲಲಿಲ್ಲ." ಭಾವನ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. "ಉಂಡು ಕೈ ತೊಳೆಯೋಕೆ ಹೋದೆ, ಅಷ್ಟೇ. ಕೊಳಾಯಿಯಲ್ಲಿ ನೀರು ಸಣ್ಣಗೆ ಬರ್ತಿತ್ತು, ಸ್ವಲ್ಪ ಹೊತ್ತಾಯ್ತು. ಆದರೆ ಕೋಣೆ ಖಾಲಿ ಬಿಟ್ಟಿರಲಿಲ್ಲಮ್ಮ. ತಟ್ಟೆ ಎತ್ತೋಕೆ ಬಂದಿದ್ದ ಒಡತಿಯವರೇ, ನೀವು ಹೋಗಿ ಬನ್ನಿ, ಅಷ್ಟರಲ್ಲಿ ಮೇಜು ಒರೆಸಿ ಇಲ್ಲೇ ಇರ್ತೀನಿ ಅಂದರು."

ಜರಡಿ ಹಜಾರದ ಬಾಗಿಲಿಗೆ ನಡೆದಳು.

ಕಿಟಕಿಗಳೆಲ್ಲ ತೆರೆದಿದ್ದವು. ಕಾವಿನಕ್ಕ ಮೊಟ್ಟೆಯೊಂದನ್ನು ಕಿವಿಗೆ ಹಿಡಿದು ಕೇಳುತ್ತಿದ್ದಳು. ಅವಳ ಪಕ್ಕದಲ್ಲಿ, ಬಿಸಿ ತಟ್ಟೆಯ ಅಂಚನ್ನು ಬರಿಗೈಯಲ್ಲೇ ಹಿಡಿದು, ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ನಿಂತಿದ್ದವಳು, ಗಂಡನಿಗೆ ತಿಳಿಯದಂತೆ ಮೈದುನನಿಂದ ಪ್ರೋಗ್ರಾಮ್ ಬರೆಯಲು ಕಲಿತಿದ್ದ ಒಡತಿ.

ನಾಲ್ಕು ದಿನದ ಹಿಂದೆ ಜರಡಿಗೆ ಫೋನ್ ಮಾಡಿ, "ನಮ್ಮ ಕಾವಿನಕ್ಕ ತಪ್ಪು ಮಾಡಿಲ್ಲ, ಬಂದು ನಿಜ ಏನು ಅಂತ ಹುಡುಕಿಕೊಡಿ" ಎಂದು ಬೇಡಿಕೊಂಡವಳು ಇವಳೇ.